ನಾಳೆಯೂ ಒಲೆ ಉರಿಯುತ್ತದೆಯೇ? ಸುಡಾನ್‌ನ ಅಡುಗೆಮನೆಗಳು ಮತ್ತು ಜಗತ್ತಿನ ನೆರವು

ಶೇಂಗಾದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ದನಕ್ಕೆ ಹಾಕುತ್ತಾರೆ. 2025ರಲ್ಲಿ ಸುಡಾನ್ ದೇಶದ ಎಲ್ ಫಾಶರ್ ಎಂಬ ಊರಿನ ಜನ ಅದನ್ನೇ ತಿಂದು ಬದುಕಿದರು. ಅಲ್ಲಿ ಅದಕ್ಕೆ ಅಂಬಾಜ್ ಅನ್ನುತ್ತಾರೆ. ಮುತ್ತಿಗೆ ಹಾಕಿದ್ದ ಪಡೆ ಊರಿನ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿತ್ತು. ಜೋಳ, ಸಜ್ಜೆ, ಔಷಧಿ ಯಾವುದೂ ಒಳಗೆ ಹೋಗುತ್ತಿರಲಿಲ್ಲ. ಕೊನೆಗೆ ಹಿಂಡಿಯ ಬೆಲೆಯೂ ಏರಿತು. ಆಮೇಲೆ ಅದೂ ಸಿಗುವುದು ಕಷ್ಟವಾಯಿತು.

ಈ ಊರಿನ ಹೆಸರು ಕರ್ನಾಟಕಕ್ಕೆ ಪೂರ್ತಿ ಹೊಸದಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಗಿಡಮೂಲಿಕೆ ಎಣ್ಣೆ, ನಾಟಿ ಔಷಧಿ ಮಾರಲು ಹುಣಸೂರು, ಚನ್ನಗಿರಿ, ಶಿವಮೊಗ್ಗ ಕಡೆಯಿಂದ ಹೋದವರು. ಅವರಲ್ಲಿ ಹಲವರು ಇದ್ದದ್ದು ಇದೇ ಎಲ್ ಫಾಶರ್‌ನಲ್ಲಿ. ಆಗ ಇಲ್ಲಿ ವಿಧಾನಸಭೆ ಚುನಾವಣೆಯ ಕಾವು. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿ ಉತ್ತರಿಸಿದರು, ಎರಡು ದಿನ ಟಿವಿ ತುಂಬ ಅದೇ ಮಾತು. ನಂತರ ಭಾರತ ಸರ್ಕಾರದ ಆಪರೇಷನ್ ಕಾವೇರಿ ಹಡಗು, ವಿಮಾನಗಳ ಮೂಲಕ 3,862 ಜನರನ್ನು ಅಲ್ಲಿಂದ ಹೊರಗೆ ತಂದಿತು. ನಮ್ಮವರು ಮನೆಗೆ ಬಂದರು. ಇಲ್ಲಿನ ಮಟ್ಟಿಗೆ ಸುಡಾನ್ ಸುದ್ದಿ ಅಲ್ಲಿಗೆ ನಿಂತಿತು. ಎಲ್ ಫಾಶರ್‌ನ ಜನ ಮಾತ್ರ ಅಲ್ಲೇ ಉಳಿದರು. ಅವರನ್ನು ಕರೆದೊಯ್ಯಲು ಯಾವ ಹಡಗೂ ಬರಲಿಲ್ಲ.

ನೆರವು ಭರವಸೆ ತರುತ್ತದೆ ಅನ್ನುವ ಮಾತು ಬಾಯಿಗೆ ತುಂಬ ಸುಲಭವಾಗಿ ಬರುತ್ತದೆ. ಬಟ್ಟಲು ಹಿಡಿದು ನಗುವ ಮಗುವಿನ ಫೋಟೊ ಹಾಕಿದರೆ ಮುಗಿಯಿತು. ಸುಡಾನ್‌ನಲ್ಲಿ ಆದದ್ದನ್ನು ನೋಡಿದರೆ ಭರವಸೆ ಅನ್ನುವುದು ಮನಸ್ಸಿನ ಭಾವನೆಗಿಂತ ಹೆಚ್ಚಾಗಿ ಒಂದು ಲೆಕ್ಕಾಚಾರ ಅಂತ ನನಗೆ ಅನ್ನಿಸುತ್ತದೆ. ನಾಳೆ ಊಟ ಇದೆ, ಮುಂದಿನ ತಿಂಗಳೂ ಇದೆ ಅಂತ ಗೊತ್ತಿರುವ ಮನೆ ಒಂದು ರೀತಿ ನಡೆದುಕೊಳ್ಳುತ್ತದೆ. ಗೊತ್ತಿಲ್ಲದ ಮನೆ ಇನ್ನೊಂದು ರೀತಿ. ಹಾಗಾಗಿ ಎಷ್ಟು ಟನ್ ಧಾನ್ಯ ಬಂತು ಎಂಬುದರ ಜೊತೆಗೆ ಇನ್ನೆರಡು ವಿಷಯ ಕೇಳಲೇಬೇಕು. ಅದು ಯಾರ ಕೈಯಿಂದ ಬಂತು? ನಿಲ್ಲದೆ ಬಂತೇ?

ಮೊದಲು ಹಿನ್ನೆಲೆ ಸ್ವಲ್ಪ. ಸುಡಾನ್ ಸುಮಾರು 5 ಕೋಟಿ ಜನರ ದೇಶ. 2018ರ ಡಿಸೆಂಬರ್‌ನಲ್ಲಿ ಜನ ಬೀದಿಗಿಳಿದು, 2019ರ ಏಪ್ರಿಲ್‌ನಲ್ಲಿ ಒಮರ್ ಅಲ್ ಬಶೀರ್ ಅವರ 30 ವರ್ಷದ ಆಳ್ವಿಕೆ ಕೊನೆಯಾಯಿತು. ಪ್ರಜಾಪ್ರಭುತ್ವ ಬರುವ ಹೊತ್ತಿಗೆ, 2021ರ ಅಕ್ಟೋಬರ್‌ನಲ್ಲಿ ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡಿತು. ಆಗ ಜೊತೆಗಿದ್ದ ಇಬ್ಬರು ಜನರಲ್‌ಗಳೇ 2023ರ ಏಪ್ರಿಲ್ 15ರಂದು ಪರಸ್ಪರ ಯುದ್ಧಕ್ಕೆ ಇಳಿದರು. ಒಂದು ಕಡೆ ಅಬ್ದೆಲ್ ಫತ್ತಾ ಅಲ್ ಬುರ್ಹಾನ್ ಅವರ ಸೇನೆ. ಇನ್ನೊಂದು ಕಡೆ ಹೆಮೆಟ್ಟಿ ಎಂದೇ ಹೆಸರಾದ ಮೊಹಮ್ಮದ್ ಹಮ್ದಾನ್ ದಗಾಲೊ ಅವರ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆ. ಎಲ್ ಫಾಶರ್‌ಗೆ ಮುತ್ತಿಗೆ ಹಾಕಿದ್ದು ಇದೇ ಪಡೆ. ಮನೆ ಬಿಟ್ಟವರ ಸಂಖ್ಯೆ 1.2 ಕೋಟಿಗೆ ಮುಟ್ಟಿತು. 2025ರಲ್ಲಿ ಒಂದಲ್ಲ ಒಂದು ನೆರವು ಬೇಕಾದವರು 3 ಕೋಟಿಗೂ ಹೆಚ್ಚು ಎಂದು ವಿಶ್ವಸಂಸ್ಥೆ ಲೆಕ್ಕ ಹಾಕಿತು. ಈಗ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಹಸಿವಿನ ಬಿಕ್ಕಟ್ಟು ಇಲ್ಲ.

ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ ರಾಯಭಾರ ಕಚೇರಿಗಳು ಖಾಲಿಯಾದವು. ವಿದೇಶಿ ಸಂಸ್ಥೆಗಳ ಸಿಬ್ಬಂದಿ ಹೊರಟರು. ಸರ್ಕಾರ ರಾಜಧಾನಿ ಖಾರ್ಟೂಮ್ ಬಿಟ್ಟು ಸಮುದ್ರ ತೀರದ ಪೋರ್ಟ್ ಸುಡಾನ್‌ಗೆ ಹೋಯಿತು. ಖಾರ್ಟೂಮ್‌ನ ಬಹುತೇಕ ಆಸ್ಪತ್ರೆಗಳು ಮುಚ್ಚಿದವು. ಕರೆಂಟ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ, ಬ್ಯಾಂಕಿನಲ್ಲಿ ನೋಟಿಲ್ಲ. ಹೊರಗೆ ಹೋದರೆ ಗುಂಡು. ಅಂಥ ಬಡಾವಣೆಗಳಲ್ಲಿ ಉಳಿದದ್ದು ಅಕ್ಕಪಕ್ಕದ ಮನೆಯವರು ಮಾತ್ರ. ಅವರೇ ಕೆಲಸಕ್ಕೆ ನಿಂತರು.

2018ರ ಚಳವಳಿಯ ಕಾಲದಲ್ಲಿ ಬಡಾವಣೆ ಬಡಾವಣೆಯಲ್ಲೂ ಯುವಕ ಯುವತಿಯರ ಸಮಿತಿಗಳು ಹುಟ್ಟಿಕೊಂಡಿದ್ದವು. ಯಾರ ಮನೆಯಲ್ಲಿ ಎಷ್ಟು ಜನ, ಯಾರಿಗೆ ಸಕ್ಕರೆ ಕಾಯಿಲೆ, ಯಾವ ಬೀದಿಯಲ್ಲಿ ಕೈಪಂಪು ಇದೆ ಎಲ್ಲ ಅವರಿಗೆ ಗೊತ್ತಿತ್ತು. ಯುದ್ಧ ಬಂದಾಗ ಅದೇ ಜಾಲ ತುರ್ತು ಸ್ಪಂದನ ಕೊಠಡಿಗಳು ಎಂಬ ಹೆಸರಿನಲ್ಲಿ ಕೆಲಸಕ್ಕೆ ಇಳಿಯಿತು. ವಿದ್ಯಾರ್ಥಿಗಳು, ಮೇಷ್ಟ್ರುಗಳು, ಎಂಜಿನಿಯರ್‌ಗಳು, ಡಾಕ್ಟರ್‌ಗಳು ಕೈಜೋಡಿಸಿದರು. ದೇಶದಾದ್ಯಂತ ಸುಮಾರು 26,000 ಸ್ವಯಂಸೇವಕರು ಈ ಕೊಠಡಿಗಳಲ್ಲಿ ದುಡಿದಿದ್ದಾರೆ ಎಂಬ ಅಂದಾಜಿದೆ. ಇದರ ಬೇರು ಇನ್ನೂ ಹಳೆಯದು. ಊರಿನವರೆಲ್ಲ ಸೇರಿ ಒಬ್ಬರ ಹೊಲದ ಕೊಯ್ಲು ಮುಗಿಸಿಕೊಡುವ, ಮನೆ ಕಟ್ಟಿಕೊಡುವ ನಫೀರ್ ಎಂಬ ಪದ್ಧತಿ ಅಲ್ಲಿ ತಲೆಮಾರುಗಳಿಂದ ಇದೆ. ಬಂದವರಿಗೆಲ್ಲ ಊಟ ಹಾಕುವ ಸೂಫಿಗಳ ತಕಾಯ ಇದೆ. ಯುದ್ಧದ ನಡುವೆ ಈ ಕೊಠಡಿಗಳು ನಡೆಸುವ ಸಾಮೂಹಿಕ ಅಡುಗೆಮನೆಗಳನ್ನು ಜನ ಇವತ್ತಿಗೂ ತಕಾಯ ಅಂತಲೇ ಕರೆಯುತ್ತಾರೆ.

ನೆರೆ ಬಂದಾಗ ನಮ್ಮಲ್ಲಿ ತೆರೆಯುವ ಗಂಜಿ ಕೇಂದ್ರ ನೆನಪಾಗುತ್ತದೆ ಅಲ್ವಾ? ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಗಂಜಿ ಕೇಂದ್ರದ ಹಿಂದೆ ತಹಶೀಲ್ದಾರ್ ಇರುತ್ತಾರೆ, ಜಿಲ್ಲಾಧಿಕಾರಿ ಇರುತ್ತಾರೆ, ಸರ್ಕಾರದ ದುಡ್ಡು ಇರುತ್ತದೆ. ಅಲ್ಲಿ ಒಲೆ ಹಚ್ಚಿದವರೇ ಸಂತ್ರಸ್ತರು. ಯಾವುದೋ ಮನೆಯ ಅಂಗಳದಲ್ಲಿ ದೊಡ್ಡ ಹಂಡೆ. ಅದರಲ್ಲಿ ಬೇಳೆ, ಫೂಲ್ ಎಂಬ ಕಾಳು, ಅಥವಾ ಜೋಳದ ಹಿಟ್ಟಿನಲ್ಲಿ ತಿರುವಿದ ಅಸೀದಾ. ದಿನಕ್ಕೆ ಒಂದೇ ಊಟ, ಕೆಲವು ಕಡೆ ವಾರಕ್ಕೆ ಕೆಲವೇ ದಿನ. ಮಕ್ಕಳು ಪಾತ್ರೆ, ಬಕೆಟ್ ಹಿಡಿದು ಬಂದು ಮನೆಗೆ ಒಯ್ಯುತ್ತಾರೆ.

ದುಡ್ಡು ಬರುವ ದಾರಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮೊದಮೊದಲು ವಿದೇಶದಲ್ಲಿರುವ ಸುಡಾನಿನವರು ಕಳಿಸುತ್ತಿದ್ದ ಹಣವೇ ಆಧಾರ. ಮುಂದೆ ಕೆಲವು ಅಂತರರಾಷ್ಟ್ರೀಯ ಸಂಸ್ಥೆಗಳು ಸಣ್ಣ ಸಣ್ಣ ಅನುದಾನ ಕೊಡಲು ಶುರುಮಾಡಿದವು. ಬ್ಯಾಂಕ್ ಆಫ್ ಖಾರ್ಟೂಮ್‌ನ ಬಂಕಾಕ್ ಎಂಬ ಆ್ಯಪ್ ಮೂಲಕ ಹಣ ಸ್ವಯಂಸೇವಕರ ಫೋನಿಗೆ ಬೀಳುತ್ತದೆ. ಅದನ್ನು ನೋಟು ಮಾಡಿಸಲು ವ್ಯಾಪಾರಿಗೆ ಕಮಿಷನ್ ಕೊಡಬೇಕು. ಕೆಲವು ಕಡೆ ಐದನೇ ಒಂದು ಪಾಲು ಅಲ್ಲೇ ಹೋಗುತ್ತಿತ್ತು, ಮುತ್ತಿಗೆಯ ಊರುಗಳಲ್ಲಿ ಇನ್ನೂ ಜಾಸ್ತಿ. ಕೊಂಡ ಬೇಳೆ, ಎಣ್ಣೆ, ಸೌದೆಯ ರಸೀದಿಯ ಫೋಟೊ ತೆಗೆದು ಗುಂಪಿನಲ್ಲಿ ಹಾಕಬೇಕು. ಎಷ್ಟು ಮನೆಗೆ ಊಟ ಹೋಯಿತು ಎಂಬ ಲೆಕ್ಕ ಬರೆಯಬೇಕು. ಗುಂಡಿನ ಸದ್ದಿನ ನಡುವೆ ಈ ಲೆಕ್ಕ ಇಟ್ಟವರ ಬಗ್ಗೆ ನನಗೆ ಅಪಾರ ಗೌರವ ಇದೆ. ಹಣದ ಮೇಲಿನ ನಂಬಿಕೆ ಹೋದರೆ ಒಲೆ ಆರುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

2024ರ ಫೆಬ್ರವರಿಯಲ್ಲಿ ದೇಶದ ಬಹುಭಾಗದಲ್ಲಿ ಫೋನ್, ಇಂಟರ್‌ನೆಟ್ ನಿಂತುಹೋಯಿತು. ಆ್ಯಪ್ ಕೆಲಸ ಮಾಡದೆ ಹಣ ಬರಲಿಲ್ಲ. ಖಾರ್ಟೂಮ್‌ನ ಹೆಚ್ಚಿನ ಅಡುಗೆಮನೆಗಳು ವಾರಗಟ್ಟಲೆ ಮುಚ್ಚಿದವು. ಗೋದಾಮಿನಲ್ಲಿ ಧಾನ್ಯ ಇಲ್ಲದೆ ಹಸಿವು ಬರುವುದನ್ನು ನಾವು ಕೇಳಿದ್ದೇವೆ. ಇಲ್ಲಿ ಸಿಗ್ನಲ್ ಇಲ್ಲದೆ ಹಸಿವು ಬಂತು. ಮುಂದೆ ಕೆಲವರು ಸ್ಟಾರ್‌ಲಿಂಕ್ ಉಪಗ್ರಹ ಸಂಪರ್ಕ ತಂದು, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಬಳಸಿದರು.

ಈ ಕೊಠಡಿಗಳು ಬರೀ ಊಟಕ್ಕೆ ಸೀಮಿತವಾಗಿರಲಿಲ್ಲ. ಕೊಳವೆ ಬಾವಿಯ ಪಂಪಿಗೆ ಡೀಸೆಲ್ ಹೊಂದಿಸಿದರು. ಮುಚ್ಚಿದ ಕ್ಲಿನಿಕ್‌ಗಳನ್ನು ತೆರೆದರು. ಯಾವ ರಸ್ತೆ ಇವತ್ತು ಸುರಕ್ಷಿತ ಎಂದು ತಿಳಿದು ಕುಟುಂಬಗಳನ್ನು ಹೊರಗೆ ಸಾಗಿಸಿದರು. ಹೆಂಗಸರು ತಮ್ಮದೇ ಬೇರೆ ಕೊಠಡಿಗಳನ್ನು ಕಟ್ಟಿಕೊಂಡು, ಅತ್ಯಾಚಾರಕ್ಕೆ ಒಳಗಾದವರಿಗೆ ಔಷಧಿ, ಆಸರೆ, ಮಾತಾಡಲು ಒಂದು ಜಾಗ ಮಾಡಿಕೊಟ್ಟರು. ಈ ಯುದ್ಧದಲ್ಲಿ ಅದರ ಅಗತ್ಯ ಎಷ್ಟಿತ್ತು ಎಂದು ಹೇಳುವುದೂ ಕಷ್ಟ.

ಇನ್ನು ಲೆಕ್ಕಾಚಾರದ ಮಾತಿಗೆ ಬರುತ್ತೇನೆ. ಸುಡಾನ್‌ನಲ್ಲಿ ಜೂನ್, ಜುಲೈ ಹೊತ್ತಿಗೆ ಮಳೆ ಬಿದ್ದು ಜೋಳ, ಸಜ್ಜೆ ಬಿತ್ತನೆ ನಡೆಯುತ್ತದೆ. ಕೊಯ್ಲು ಬರುವುದು ಅಕ್ಟೋಬರ್ ನಂತರ. ನಡುವಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣಜ ಖಾಲಿ. ಮೇ ತಿಂಗಳಿನಲ್ಲಿ ಒಂದು ರೈತ ಕುಟುಂಬದ ಹತ್ತಿರ ಒಂದು ಚೀಲ ಬಿತ್ತನೆ ಜೋಳ, ಎರಡು ಆಡು ಇವೆ ಅಂದುಕೊಳ್ಳಿ. ಪಕ್ಕದ ಅಡುಗೆಮನೆ ಮುಂದಿನ ನಾಲ್ಕು ತಿಂಗಳೂ ನಡೆಯುತ್ತದೆ ಅಂತ ನಂಬಿಕೆ ಇದ್ದರೆ ಅವರು ಬೀಜವನ್ನು ಮುಟ್ಟುವುದಿಲ್ಲ. ಬಿತ್ತುತ್ತಾರೆ. ಆಡನ್ನು ಮಾರುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಬೀಜವನ್ನೇ ಬೀಸಿ ತಿನ್ನುತ್ತಾರೆ. ಆಗ ನವೆಂಬರ್‌ನಲ್ಲಿ ಕೊಯ್ಯಲು ಏನೂ ಇರುವುದಿಲ್ಲ. ಮುಂದಿನ ಇಡೀ ವರ್ಷ ಅವರು ನೆರವಿಗೇ ಕೈಚಾಚಬೇಕು. ಮಗಳ ಮದುವೆಯನ್ನು ಬೇಗ ಮಾಡಿಬಿಡುವುದು, ಮಗನನ್ನು ಪಡೆಗೆ ಸೇರಲು ಬಿಡುವುದು, ಅಪಾಯದ ದಾರಿಯಲ್ಲಿ ಗಡಿ ದಾಟುವುದು, ಇವೆಲ್ಲ ಇದೇ ಲೆಕ್ಕದಿಂದ ಹುಟ್ಟುವ ತೀರ್ಮಾನಗಳು. ಒಂದು ಹೊತ್ತಿನ ಊಟದ ನಿಜವಾದ ಬೆಲೆ ತಟ್ಟೆಯಲ್ಲಿ ಪೂರ್ತಿ ಕಾಣುವುದಿಲ್ಲ. ಅದು ಯಾವ ತೀರ್ಮಾನವನ್ನು ತಡೆಯಿತು ಎಂದೂ ನೋಡಬೇಕಾಗುತ್ತದೆ.

ಇನ್ನೊಂದು ವಿಷಯ, ಕೊಡುವ ಕೈಯದು. ಕೆಲಸ, ಶಾಲೆ, ಮನೆ ಎಲ್ಲ ಕಳೆದುಕೊಂಡ ಮೇಷ್ಟ್ರು ಬೆಳಿಗ್ಗೆ ಎದ್ದು ಸಾವಿರ ಜನರ ಅಡುಗೆಗೆ ಕಾಳು ಅಳೆಯುವಾಗ ಅವರು ಬರೀ ಸಂತ್ರಸ್ತರಾಗಿ ಉಳಿಯುವುದಿಲ್ಲ. ಅವರ ಮಾತಿಗೆ ಬೀದಿಯಲ್ಲಿ ಬೆಲೆ ಇದೆ. ಹೊರಗಿನಿಂದ ಲಾರಿ ಬಂದು ಮೂಟೆ ಇಳಿಸಿ ಹೋದಾಗ ಹೊಟ್ಟೆ ತುಂಬುತ್ತದೆ, ಅದು ಸಣ್ಣ ವಿಷಯವಲ್ಲ. ಆದರೆ ಊರು ತನ್ನನ್ನು ತಾನೇ ನೋಡಿಕೊಳ್ಳಬಲ್ಲದು ಎಂಬ ಅನುಭವ ಲಾರಿಯಿಂದ ಬರುವುದಿಲ್ಲ. ಯುದ್ಧ ಮುಗಿದ ಮೇಲೆ ಆ ಅನುಭವವೇ ಊರನ್ನು ಮತ್ತೆ ಕಟ್ಟುತ್ತದೆ ಎಂದು ನಾನು ನಂಬುತ್ತೇನೆ.

2025ರ ಜನವರಿ 20ರಂದು ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶ ಹೊರಡಿಸಿತು. ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸಿ ಎಂಬ ಪತ್ರಗಳು ಸಂಸ್ಥೆಗಳಿಗೆ ಹೋದವು. ಸುಡಾನ್‌ಗೆ ಅತಿ ಹೆಚ್ಚು ನೆರವು ಕೊಡುತ್ತಿದ್ದ ದೇಶ ಅಮೆರಿಕ. ಅಡುಗೆಮನೆಗಳಿಗೆ ಸಿಗುತ್ತಿದ್ದ ಹಣದ ದೊಡ್ಡ ಪಾಲೂ ಸುತ್ತಿ ಬಳಸಿ ಅಲ್ಲಿಂದಲೇ ಬರುತ್ತಿತ್ತು. 1,100ಕ್ಕೂ ಹೆಚ್ಚು ಅಡುಗೆಮನೆಗಳು, ಅಂದರೆ ಹೆಚ್ಚೂಕಡಿಮೆ ಶೇ 80ರಷ್ಟು, ಬಾಗಿಲು ಹಾಕಿದವು. ಜೀವ ಉಳಿಸುವ ಕೆಲಸಕ್ಕೆ ವಿನಾಯಿತಿ ಇದೆ ಎಂದು ಕಾಗದದಲ್ಲಿ ಬಂತು. ಆದರೆ ಹಣ ಬಿಡುಗಡೆ ಮಾಡುವವರೇ ಕೆಲಸ ಕಳೆದುಕೊಂಡಿದ್ದರು.

ಆಗ ಏನಾಯಿತು ಎಂದು ಯೋಚಿಸಿ. ಎಷ್ಟೋ ಕಡೆ ಅಂಗಡಿಯವರಿಂದ ಸಾಲಕ್ಕೆ ಕಾಳು, ಎಣ್ಣೆ ತಂದಾಗಿತ್ತು. ಸಾಲು ನಿಂತ ಹೆಂಗಸರ ಮುಂದೆ ಇವತ್ತು ಊಟ ಇಲ್ಲ ಅಂತ ಹೇಳಬೇಕಾದವರು ಅದೇ ಬೀದಿಯ ಸ್ವಯಂಸೇವಕರು. ಆದೇಶಕ್ಕೆ ಸಹಿ ಹಾಕಿದವರಿಗೆ ಆ ಮುಖಗಳು ಕಾಣಿಸುವುದಿಲ್ಲ. ನೆರವು ಕಡಿಮೆಯಾಗುವುದೇ ಬೇರೆ, ರಾತ್ರೋರಾತ್ರಿ ನಿಲ್ಲುವುದೇ ಬೇರೆ. ಮೂರು ತಿಂಗಳ ಮೊದಲು ಹೇಳಿದ್ದರೆ ಕುಟುಂಬಗಳು ಏನಾದರೂ ದಾರಿ ಹುಡುಕಿಕೊಳ್ಳುತ್ತಿದ್ದವು. ಅಡುಗೆಮನೆಗಳು ವಾರಕ್ಕೆ ಎರಡು ದಿನಕ್ಕೆ ಇಳಿದಾದರೂ ಬದುಕುತ್ತಿದ್ದವು. ಹೀಗೆ ಏಕಾಏಕಿ ನಿಲ್ಲಿಸಿದ್ದು ಕ್ರೂರ ಎಂದು ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಅಮೆರಿಕ ಒಂದನ್ನೇ ದೂರಿದರೆ ಸಾಲದು. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದಲ್ಲಿ ನೆರವಿಗೆ ಎತ್ತಿಡುವ ಪಾಲನ್ನು ಶೇ 0.5ರಿಂದ 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿತು. ಜರ್ಮನಿ, ಫ್ರಾನ್ಸ್ ಕೂಡ ಕತ್ತರಿ ಹಾಕಿದವು. ಸುಡಾನ್‌ಗಾಗಿ 2025ರಲ್ಲಿ ವಿಶ್ವಸಂಸ್ಥೆ ಕೇಳಿದ್ದು 420 ಕೋಟಿ ಡಾಲರ್. ಬಂದದ್ದು ಅದರ ಅರ್ಧಕ್ಕಿಂತ ಕಡಿಮೆ.

ಹಾಗಾದರೆ ದೊಡ್ಡ ಸಂಸ್ಥೆಗಳನ್ನು ಬಿಟ್ಟು ಎಲ್ಲ ದುಡ್ಡನ್ನೂ ನೆರೆಹೊರೆಯ ಅಡುಗೆಮನೆಗಳಿಗೇ ಕೊಟ್ಟರೆ ಸಾಕಲ್ವಾ ಎಂದು ಕೇಳುವವರಿದ್ದಾರೆ. ಅಷ್ಟು ಸರಳವಾಗಿಲ್ಲ. ಅಡುಗೆಮನೆಯಿಂದ ಆಗದ ಕೆಲಸಗಳಿವೆ.

ತೀವ್ರ ಅಪೌಷ್ಟಿಕತೆಗೆ ಸಿಕ್ಕ ಮಗುವಿಗೆ ಬೇಳೆ ಅಸೀದಾ ಸಾಲದು, ಕೆಲವೊಮ್ಮೆ ಜೀರ್ಣವೂ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿ ಅರೆದ ಪೇಸ್ಟ್. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ ಇರುತ್ತದೆ. ನೀರು ಬೆರೆಸಬೇಕಿಲ್ಲ, ಫ್ರಿಜ್ ಬೇಕಿಲ್ಲ, ಮೂಲೆ ಕತ್ತರಿಸಿ ಮಗುವಿನ ಬಾಯಿಗೆ ಹಿಂಡಿದರೆ ಆಯಿತು. 1990ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಇದನ್ನು ರೂಪಿಸುವ ಮೊದಲು ಅಂಥ ಮಕ್ಕಳನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಹಾಲಿನ ದ್ರಾವಣ ಕುಡಿಸಬೇಕಿತ್ತು. ಈಗ ಬೇರೆ ಕಾಯಿಲೆ ಇಲ್ಲದ ಮಗುವಿಗೆ ತಾಯಿಯೇ ಮನೆಯಲ್ಲಿ ತಿನ್ನಿಸಬಹುದು. ಆರರಿಂದ ಎಂಟು ವಾರದಲ್ಲಿ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಚೇತರಿಕೆ ನೋಡಲು ತೋಳಿನ ಸುತ್ತ ಕಟ್ಟುವ ಬಣ್ಣದ ಪಟ್ಟಿ ಇದೆ, ನಮ್ಮ ಅಂಗನವಾಡಿ ಕಾರ್ಯಕರ್ತೆಯರಿಗೂ ಪರಿಚಿತ. 115 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು, 125ರವರೆಗೆ ಹಳದಿ, ಅದನ್ನು ದಾಟಿದರೆ ಹಸಿರು. ಓದು ಬರಹ ಬರದ ತಾಯಿಗೂ ಮಗು ಉಳಿಯುತ್ತಿದೆ ಅಂತ ಆ ಪಟ್ಟಿ ತೋರಿಸುತ್ತದೆ.

ಈ ಪೊಟ್ಟಣವನ್ನು ಬಡಾವಣೆಯ ಅಂಗಳದಲ್ಲಿ ಮಾಡಲು ಆಗುವುದಿಲ್ಲ. ಕಾರ್ಖಾನೆ, ಹಡಗು, ಗೋದಾಮು, ಲಾರಿ, ಅನುಮತಿ ಪತ್ರ ಎಲ್ಲ ಬೇಕು. ಕಾಲರಾ ಲಸಿಕೆಗೂ ಅಷ್ಟೇ. ಸುಡಾನ್ ಸ್ವತಃ ಶೇಂಗಾ ಬೆಳೆಯುವ ದೊಡ್ಡ ದೇಶ. ಆದರೂ ಎಲ್ ಫಾಶರ್‌ನ ಮಕ್ಕಳಿಗೆ ಶೇಂಗಾ ಪೇಸ್ಟ್ ಮುಟ್ಟಲಿಲ್ಲ, ಶೇಂಗಾ ಹಿಂಡಿ ಮುಟ್ಟಿತು.

ದಾರಿಯ ಕತೆ ಕೇಳಿದರೆ ಇದು ಯಾಕೆ ಹೀಗಾಯಿತು ಎಂದು ಗೊತ್ತಾಗುತ್ತದೆ. ಎಲ್ ಫಾಶರ್ ಇರುವ ಡಾರ್ಫರ್ ಪ್ರಾಂತ್ಯಕ್ಕೆ ನೆರವು ಹೋಗಲು ಇರುವ ಮುಖ್ಯ ಬಾಗಿಲು ಚಾಡ್ ದೇಶದ ಗಡಿಯ ಅಡ್ರೆ. 2024ರ ಫೆಬ್ರವರಿಯಲ್ಲಿ ಸೇನೆಯ ಕಡೆಯ ಸರ್ಕಾರ ಅದನ್ನು ಮುಚ್ಚಿಸಿತು, ಅಲ್ಲಿಂದ ಶಸ್ತ್ರಾಸ್ತ್ರ ಬರುತ್ತಿದೆ ಎಂಬ ಕಾರಣ ಕೊಟ್ಟು. ತೆರೆದದ್ದು ಆಗಸ್ಟ್‌ನಲ್ಲಿ, ಮಳೆ ಬಿದ್ದು ಹಳ್ಳಗಳು ತುಂಬಿ ರಸ್ತೆ ಕೊಚ್ಚಿಹೋದ ಮೇಲೆ. ಅದೇ ತಿಂಗಳು ಎಲ್ ಫಾಶರ್ ಪಕ್ಕದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಇದೆ ಎಂದು ಅಧಿಕೃತವಾಗಿ ಪ್ರಕಟವಾಯಿತು. ಕ್ಷಾಮ ಎಂದು ಸುಮ್ನೆ ಕರೆಯುವುದಿಲ್ಲ. ಶೇ 20ರಷ್ಟು ಮನೆಗಳಿಗೆ ಆಹಾರ ಇಲ್ಲವೇ ಇಲ್ಲ ಎಂಬ ಸ್ಥಿತಿ ಬರಬೇಕು, ಶೇ 30ರಷ್ಟು ಮಕ್ಕಳು ತೀವ್ರವಾಗಿ ಸೊರಗಿರಬೇಕು, ದಿನಕ್ಕೆ 10,000 ಜನರಲ್ಲಿ ಇಬ್ಬರು ಸಾಯುತ್ತಿರಬೇಕು. ಅಂದರೆ ಘೋಷಣೆ ಬರುವ ಹೊತ್ತಿಗೆ ಮಕ್ಕಳು ತಿಂಗಳುಗಳಿಂದ ಸಾಯುತ್ತಿದ್ದರು ಎಂದೇ ಅರ್ಥ. ಆ ಶಿಬಿರದಲ್ಲಿ ಎರಡು ಗಂಟೆಗೊಂದು ಮಗು ಸಾಯುತ್ತಿದೆ ಎಂದು ಗಡಿಯಿಲ್ಲದ ವೈದ್ಯರ ಸಂಸ್ಥೆ 2024ರ ಫೆಬ್ರವರಿಯಲ್ಲೇ ಅಂದಾಜಿಸಿ ಹೇಳಿತ್ತು. ವಿಶ್ವ ಆಹಾರ ಕಾರ್ಯಕ್ರಮದ ಲಾರಿಗಳು ಅಲ್ಲಿಗೆ ಮುಟ್ಟಿದ್ದು ನವೆಂಬರ್‌ನಲ್ಲಿ.

2025ರ ಏಪ್ರಿಲ್‌ನಲ್ಲಿ ಆರ್‌ಎಸ್‌ಎಫ್ ಆ ಶಿಬಿರದ ಮೇಲೇ ದಾಳಿ ಮಾಡಿ ಖಾಲಿ ಮಾಡಿಸಿತು. ಜೂನ್‌ನಲ್ಲಿ ಪೋರ್ಟ್ ಸುಡಾನ್‌ನಿಂದ 1,800 ಕಿಲೋಮೀಟರ್ ಬಂದಿದ್ದ 15 ಲಾರಿಗಳು ಎಲ್ ಫಾಶರ್‌ಗೆ ಹೋಗುವ ಅನುಮತಿಗೆ ಅಲ್ ಕೋಮಾ ಎಂಬಲ್ಲಿ ಕಾಯುತ್ತಾ ನಿಂತಿದ್ದವು. ಅವುಗಳ ಮೇಲೆ ದಾಳಿ ನಡೆದು ಐವರು ಸತ್ತರು. ಊರು ಕೂಗಳತೆ ದೂರದಲ್ಲಿ ಇಲ್ಲದಿದ್ದರೂ, ಅಷ್ಟು ದೂರದ ಪ್ರಯಾಣದಲ್ಲಿ ಉಳಿದಿದ್ದದ್ದು ಕೊನೆಯ ಸ್ವಲ್ಪ ದಾರಿ ಮಾತ್ರ. ಅಕ್ಟೋಬರ್ 26ರಂದು ಎಲ್ ಫಾಶರ್ ಆರ್‌ಎಸ್‌ಎಫ್ ಕೈಗೆ ಬಿತ್ತು. ನಂತರ ನಡೆದ ಹತ್ಯೆಗಳ ಗುರುತುಗಳನ್ನು ಉಪಗ್ರಹ ಚಿತ್ರಗಳಲ್ಲಿ ಜಗತ್ತು ನೋಡಿತು. ನವೆಂಬರ್‌ನಲ್ಲಿ ಎಲ್ ಫಾಶರ್ ಮತ್ತು ದೇಶದ ದಕ್ಷಿಣದ ಕಾದುಗ್ಲಿ ಊರು ಎರಡರಲ್ಲೂ ಕ್ಷಾಮ ಖಚಿತವಾಯಿತು.

ಇದನ್ನೆಲ್ಲ ಹೇಳುವಾಗ ನೆರವಿನಿಂದ ಯುದ್ಧ ಬೆಳೆಯುತ್ತದೆ, ಸೈನಿಕರೇ ತಿಂದು ಬಿಡುತ್ತಾರೆ ಎಂಬ ಮಾತೂ ಬರುತ್ತದೆ. ಸ್ವಲ್ಪ ಕಳ್ಳತನ ಆಗುತ್ತದೆ, ತಪಾಸಣೆ ಠಾಣೆಗಳಲ್ಲಿ ವಸೂಲಿಯೂ ನಡೆಯುತ್ತದೆ. ಆದರೆ ಈ ಯುದ್ಧ ನಡೆಯುತ್ತಿರುವುದು ಜೋಳದ ಮೂಟೆಯಿಂದಲ್ಲ. ಚಿನ್ನದ ಗಣಿಯ ಹಣ ಮತ್ತು ಹೊರಗಿನಿಂದ ಬರುವ ಶಸ್ತ್ರಾಸ್ತ್ರಗಳಿಂದ. ಅರಬ್ ಸಂಯುಕ್ತ ಸಂಸ್ಥಾನ ಆರ್‌ಎಸ್‌ಎಫ್‌ಗೆ ಶಸ್ತ್ರ ಕೊಡುತ್ತಿದೆ ಎಂಬ ಆರೋಪ ನಂಬಬಹುದಾದದ್ದು ಎಂದು ವಿಶ್ವಸಂಸ್ಥೆಯ ತಜ್ಞರು 2024ರಲ್ಲಿ ವರದಿ ಕೊಟ್ಟರು. ಆ ದೇಶ ಅದನ್ನು ನಿರಾಕರಿಸುತ್ತಾ ಬಂದಿದೆ. ಎರಡೂ ಕಡೆಯವರು ಅನ್ನವನ್ನೇ ಆಯುಧ ಮಾಡಿಕೊಂಡಿರುವಾಗ ಅನ್ನ ಕೊಡುವವರನ್ನು ದೂರುವುದು ನ್ಯಾಯವಲ್ಲ.

ಅಡುಗೆಮನೆಯವರಿಗೆ ಪ್ರಶಸ್ತಿಗಳು ಬಂದವು. 2025ರಲ್ಲಿ ನಾರ್ವೆಯ ರಾಫ್ಟೊ ಪ್ರಶಸ್ತಿ ಬಂತು, ಸ್ವೀಡನ್‌ನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನೊಬೆಲ್ ಶಾಂತಿ ಪ್ರಶಸ್ತಿಗೂ ಹೆಸರು ಕೇಳಿಬಂತು. ಸಂತೋಷವೇ. ಆದರೆ ಇದರಲ್ಲಿ ಒಂದು ಅಪಾಯವೂ ನನಗೆ ಕಾಣುತ್ತದೆ. ಸ್ಥಳೀಯರೇ ಎಷ್ಟು ಚೆನ್ನಾಗಿ ಮಾಡುತ್ತಿದ್ದಾರೆ ಎಂದು ಹೊಗಳುತ್ತಾ, ಅವರ ಹೆಗಲಿಗೇ ಎಲ್ಲ ಹೊರೆ ಹಾಕಿ ಜಾರಿಕೊಳ್ಳುವುದು ಸುಲಭ. ಸೇನೆಯ ಹಿಡಿತದ ಊರಿನಲ್ಲಿ ಆರ್‌ಎಸ್‌ಎಫ್ ಬೆಂಬಲಿಗರೆಂದು, ಆರ್‌ಎಸ್‌ಎಫ್ ಹಿಡಿತದ ಊರಿನಲ್ಲಿ ಸೇನೆಯ ಬೆಂಬಲಿಗರೆಂದು ಈ ಹುಡುಗ ಹುಡುಗಿಯರನ್ನು ಹಿಡಿದು ಹಿಂಸಿಸಿದ್ದಾರೆ. ಎಷ್ಟೋ ಮಂದಿಯನ್ನು ಕೊಂದಿದ್ದಾರೆ. ವಿದೇಶಿ ಸಂಸ್ಥೆಯ ಸಿಬ್ಬಂದಿಗೆ ವಿಮೆ ಇದೆ, ಹೊರಗೆ ಕರೆದೊಯ್ಯುವ ಏರ್ಪಾಡಿದೆ, ಸಂಬಳ ಇದೆ. ಇವರಿಗೆ ಇದ್ಯಾವುದೂ ಇಲ್ಲ. ಅಪಾಯದ ದೊಡ್ಡ ಪಾಲು ಇವರದು, ಹಣದ ಚಿಕ್ಕ ಪಾಲು ಇವರದು.

ಚಿಕ್ಕ ಪಾಲು ಎಂದರೆ ಎಷ್ಟು ಚಿಕ್ಕದು? 2016ರಲ್ಲಿ ದೊಡ್ಡ ದೇಶಗಳು, ದೊಡ್ಡ ಸಂಸ್ಥೆಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. 2020ರ ಹೊತ್ತಿಗೆ ಮಾನವೀಯ ನೆರವಿನ ಶೇ 25ರಷ್ಟು ಹಣವನ್ನು ಸ್ಥಳೀಯ ಗುಂಪುಗಳಿಗೆ ಆದಷ್ಟು ನೇರವಾಗಿ ಕೊಡುತ್ತೇವೆ ಎಂದು. ಜಗತ್ತಿನ ಲೆಕ್ಕದಲ್ಲಿ ನೇರವಾಗಿ ಹೋಗುವ ಹಣ ಒಂದಂಕಿಯನ್ನೂ ದಾಟಿಲ್ಲ. ಕಾರಣಗಳು ಪೂರ್ತಿ ಸುಳ್ಳಲ್ಲ. ನೋಂದಣಿ ಇಲ್ಲದ ಗುಂಪಿಗೆ ಸರ್ಕಾರದ ಹಣ ಕೊಡಲು ಕಾನೂನು ಅಡ್ಡಬರುತ್ತದೆ. ಇಂಗ್ಲಿಷ್‌ನಲ್ಲಿ ನೂರು ಪುಟದ ವರದಿ ಬರೆಯಲು ಅಡುಗೆಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆದರೆ ಸುಡಾನ್‌ನ ಕೊಠಡಿಗಳು ರಸೀದಿಯ ಫೋಟೊ, ಬೀದಿಯವರ ಸಭೆ, ಪಕ್ಕದ ಕೊಠಡಿಯ ಪರಿಶೀಲನೆ ಮೂಲಕ ತಮ್ಮದೇ ಲೆಕ್ಕಪತ್ರ ಕಟ್ಟಿವೆ. ಕೊಡುವವರು ತಮ್ಮ ನಿಯಮಗಳನ್ನು ಅದಕ್ಕೆ ಹೊಂದಿಸಿಕೊಂಡರೆ ಸಾಕು. ಕೆಲವರು ಹೊಂದಿಸಿಕೊಂಡಿದ್ದಾರೆ ಕೂಡ.

ಎಲ್ ಫಾಶರ್‌ನಿಂದ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್ ದೂರದ ತವಿಲಾ ಎಂಬ ಚಿಕ್ಕ ಊರು ಲಕ್ಷಗಟ್ಟಲೆ ಜನರ ಆಸರೆಯಾಗಿದೆ. ನಡೆದು ಬಂದವರಿಗೆ ಮೊದಲು ಸಿಕ್ಕಿದ್ದು ಇಂಥದೇ ಅಡುಗೆಮನೆಗಳ ಊಟ. ಜೊತೆಗೆ ಗಡಿಯಿಲ್ಲದ ವೈದ್ಯರ ಆಸ್ಪತ್ರೆ. ಕಾಲರಾ ಹರಡಿದಾಗ ಈ ಎರಡೂ ಇಲ್ಲದಿದ್ದರೆ ಸಾವು ಇನ್ನೆಷ್ಟೋ ಪಟ್ಟು ಹೆಚ್ಚುತ್ತಿತ್ತು. ದೊಡ್ಡ ಸಂಸ್ಥೆ, ಸಣ್ಣ ಗುಂಪು ಎರಡೂ ಒಟ್ಟಿಗೆ ನಿಂತರೆ ಏನಾಗುತ್ತದೆ ಎಂದು ನೋಡಬೇಕಾದರೆ ತವಿಲಾ ನೋಡಬಹುದು. ಖಾರ್ಟೂಮ್‌ನ ಚಿತ್ರ ಬೇರೆ. 2025ರ ಮಾರ್ಚ್‌ನಲ್ಲಿ ಸೇನೆ ನಗರವನ್ನು ಮರಳಿ ಪಡೆದ ಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಮನೆಗಳಿಗೆ ವಾಪಸಾದರು. ಗೋಡೆ ಕುಸಿದಿದೆ, ವೈರುಗಳನ್ನೂ ಕಿತ್ತು ಮಾರಿದ್ದಾರೆ. ಅಡುಗೆಮನೆ ನಡೆಸಿದ ಅದೇ ಹುಡುಗರು ಈಗ ಬಾವಿ ತೊಳೆಯುತ್ತಿದ್ದಾರೆ, ಕ್ಲಿನಿಕ್‌ಗೆ ಸೋಲಾರ್ ಹಾಕಿಸುತ್ತಿದ್ದಾರೆ.

ಸುಡಾನ್ ಒಂದಕ್ಕೇ ಅಲ್ಲ, ಇಡೀ ಜಗತ್ತಿನ ಬಿಕ್ಕಟ್ಟುಗಳಿಗೆ 2026ಕ್ಕೆ ವಿಶ್ವಸಂಸ್ಥೆ ಇಟ್ಟಿರುವ ಬೇಡಿಕೆಯನ್ನು ನೋಡಿದರೆ ಹೊಟ್ಟೆ ಕಿವುಚುತ್ತದೆ. 2025ರಲ್ಲಿ ಬಂದ ಹಣ ಸುಮಾರು 1,200 ಕೋಟಿ ಡಾಲರ್, ಹತ್ತು ವರ್ಷದಲ್ಲೇ ಕಡಿಮೆ. ಹಾಗಾಗಿ ತುರ್ತಾಗಿ ಕೇಳಿರುವುದು 2,300 ಕೋಟಿ ಡಾಲರ್, ಅದರಲ್ಲಿ 8.7 ಕೋಟಿ ಜನರನ್ನು ಮುಟ್ಟುವ ಯೋಜನೆ. ಕಷ್ಟದಲ್ಲಿರುವ ಕೋಟ್ಯಂತರ ಜನ ಆ ಪಟ್ಟಿಯ ಹೊರಗೇ ಉಳಿಯುತ್ತಾರೆ. 2025ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕ 200 ಕೋಟಿ ಡಾಲರ್ ಕೊಡುವುದಾಗಿ ಹೇಳಿತು, ಸುಡಾನ್ ಸೇರಿ 17 ದೇಶಗಳಿಗೆ, ವಿಶ್ವಸಂಸ್ಥೆಯ ಸಾಮೂಹಿಕ ನಿಧಿಗಳ ಮೂಲಕ. ಮೊದಲಿನ ಮೊತ್ತದ ಮುಂದೆ ಇದು ಚಿಕ್ಕದು. ಆದರೂ ಸಾಮೂಹಿಕ ನಿಧಿಯಿಂದ ಸ್ಥಳೀಯ ಗುಂಪುಗಳಿಗೆ ಹಣ ಹೋಗಲು ದಾರಿ ಇದೆ. ಆ ಹಣ ಮೇ ತಿಂಗಳೊಳಗೆ ಅಡುಗೆಮನೆಗಳ ಫೋನಿಗೆ ಬಿದ್ದರೆ ಬಿತ್ತನೆ ಬೀಜ ಹೊಲಕ್ಕೆ ಹೋಗುತ್ತದೆ. ಮಳೆ ಶುರುವಾದ ಮೇಲೆ ಬಂದರೆ ಅಡ್ರೆಯ ರಸ್ತೆ ಮತ್ತೆ ಕೆಸರಾಗಿರುತ್ತದೆ, ಬೀಜ ಅಷ್ಟರಲ್ಲಿ ಹಿಟ್ಟಾಗಿರುತ್ತದೆ.